ಎರಡನೆಯ ಮರಿ ಬರುವ ಮೊದಲು

ಕಳೆದ ವರ್ಷ ನಾವು ತಂದ ನಾಯಿಮರಿ ನಮ್ಮ ಮನೆಯಲ್ಲಿ ಹದಿನೇಳು ದಿನ ಮಾತ್ರ ಇತ್ತು. ಪಾರ್ವೋ ಎಂಬ ವೈರಾಣು ರೋಗ ತಗಲಿತು. ರಕ್ತಭೇದಿ ಶುರುವಾದ ಮೂರನೆಯ ದಿನ ನನ್ನ ಮಡಿಲಲ್ಲೇ ಪ್ರಾಣ ಬಿಟ್ಟಿತು. ಮೊದಲ ಲಸಿಕೆ ಹಾಕಿಸಿದ ಮೇಲೆ ಭಯವಿಲ್ಲ ಎಂದುಕೊಂಡು ಅದನ್ನು ದಾವಣಗೆರೆಯ ನಮ್ಮ ಓಣಿಯಲ್ಲೆಲ್ಲ ಓಡಾಡಿಸಿದ್ದೆ. ಅದಕ್ಕೇ ಈ ಸಲ ಮನೆ ಸಿದ್ಧವಾಗದೆ ಮರಿಯನ್ನು ತರುವುದಿಲ್ಲ ಎಂದು ಹಟ ಹಿಡಿದೆ.

ಪಾರ್ವೋ ವೈರಾಣು ಮರಿಯೊಂದಿಗೆ ಸಾಯುವುದಿಲ್ಲ. ನೆರಳಿನ ಮಣ್ಣಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಹಳೆಯ ಮರಿ ಮಲಗುತ್ತಿದ್ದ ಗೋಣಿತಾಟನ್ನು ಆಗಲೇ ಸುಟ್ಟಿದ್ದೆವು. ನೆಲವನ್ನು ದಿನವೂ ಫಿನಾಯಿಲ್ ಹಾಕಿ ಒರೆಸುತ್ತಿದ್ದೆವು. ಅದು ಸಾಲದು ಎಂದು ತಿಳಿದದ್ದು ಪಶುವೈದ್ಯರು ಹೇಳಿದ ಮೇಲೆ. ಫಿನಾಯಿಲ್‌ಗೆ ಈ ವೈರಾಣು ಜಗ್ಗುವುದಿಲ್ಲ. ಮೇಲಾಗಿ, ಒರೆಸಿದ ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುವ ಮರಿಗೆ ಅದೇ ವಿಷ. ನೆಲವನ್ನು ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದೆ. ಕೊಳೆ ಉಳಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, 10 ನಿಮಿಷ ಬಿಟ್ಟು ತೊಳೆದು ಒಣಗಿಸಿದೆ. ಮಣ್ಣಿಗೆ ಈ ಉಪಾಯ ನಡೆಯುವುದಿಲ್ಲ. ಆದ್ದರಿಂದ ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಗೆ ಹಿತ್ತಲು ಬೇಡವೆಂದು ತೀರ್ಮಾನಿಸಿ, ಬಾಗಿಲಿಗೆ ಅಡ್ಡಹಲಗೆ ಬಡಿಸಿದೆ.

ಮನೆಯ ಮುಂದಿನ ಕಣಗಿಲೆ ಗಿಡದ್ದೇ ದೊಡ್ಡ ಚಿಂತೆಯಾಯಿತು. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಲ್ಲು ತುರಿಸುವ ಮರಿ ಕಂಡದ್ದನ್ನೆಲ್ಲ ಕಚ್ಚುತ್ತದೆ. ಆದರೆ ಅವ್ವ ಇಪ್ಪತ್ತು ವರ್ಷದಿಂದ ಅದೇ ಗಿಡದ ಹೂವನ್ನು ಪೂಜೆಗೆ ಏರಿಸುತ್ತಿದ್ದಳು. ಹೇಗೆ ಕೇಳುವುದೆಂದು ಎರಡು ದಿನ ತಡೆದೆ. ಕೇಳಿದಾಗ ಅವಳು, "ಶಿವನಿಗೆ ತುಂಬೆ ಹೂವಾದರೂ ಸಾಕು, ಕಿತ್ತು ಹಾಕು" ಎಂದಳು. ಬೇರಿನ ಚೂರೂ ಉಳಿಯದಂತೆ ಅಗೆಸಿದೆ.

ನಮ್ಮೂರಿನ ಮಂಡಕ್ಕಿಯ ವಿಷಯವನ್ನೂ ಹೇಳಲೇಬೇಕು. ಸಂಜೆ ಚಾಪೆ ಹಾಸಿ ಎಲ್ಲರೂ ಸುತ್ತ ಕೂತು ತಿನ್ನುವಾಗ ಹೆಚ್ಚಿದ ಈರುಳ್ಳಿ ನೆಲಕ್ಕೆ ಬೀಳದೆ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ಈಗ ಮಂಡಕ್ಕಿ ಮೇಜಿನ ಮೇಲೆ ಮಾತ್ರ. ಮಕ್ಕಳು ಮೊದಲು ಮುನಿಸಿಕೊಂಡರು, ಆಮೇಲೆ ತಾವೇ ಕಾವಲು ನಿಂತರು.

ನುಸಿಗುಳಿಗೆ, ಇಲಿ ಪಾಷಾಣ, ಮಾತ್ರೆಗಳು ಅಟ್ಟ ಸೇರಿದವು. ಮೊಬೈಲ್ ಚಾರ್ಜರ್ ವೈರುಗಳನ್ನು ಗೋಡೆಯ ಮೇಲಕ್ಕೆ ಕಟ್ಟಿದೆ. ನೀರು ಬಿಡುವ ದಿನ ಸಂಪಿನ ಮುಚ್ಚಳ ತೆರೆದಿಡುವುದು ನಮ್ಮ ಬೀದಿಯಲ್ಲಿ ಎಲ್ಲರ ರೂಢಿ. ನಾನು ಅದಕ್ಕೆ ಕಬ್ಬಿಣದ ಜಾಲರಿ ಕೂರಿಸಿದೆ. ಗೇಟಿನ ಸರಳುಗಳ ನಡುವೆ ಮರಿಯ ತಲೆ ತೂರುವಷ್ಟು ಸಂದು ಇತ್ತು, ಅದಕ್ಕೂ ತಂತಿಬಲೆ ಹೊಲಿದೆ.

ಎಂಟು ವಾರದ ಕಂದು ಮರಿ ಬಂತು. ಮೊದಲ ಮೂರು ರಾತ್ರಿ ಅಳುತ್ತಿತ್ತು. ಬುಟ್ಟಿಯನ್ನು ನನ್ನ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು ಕೈ ಇಳಿಬಿಟ್ಟು ಮಲಗಿದೆ. ಲಸಿಕೆಯನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ ಬಂದು, ಹದಿನಾರು ವಾರ ತುಂಬಿದಾಗ ಕೊನೆಯದನ್ನು ಕೊಡಿಸಿದೆವು. ನಡುವೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆಯೂ ಆಯಿತು. ಮತ್ತೆರಡು ವಾರ ಕಾದು, ನಿನ್ನೆ ಬೆಳಿಗ್ಗೆ ಹಿತ್ತಲ ಬಾಗಿಲಿನ ಅಡ್ಡಹಲಗೆ ತೆಗೆದೆ. ಮರಿ ಹೊಸ್ತಿಲ ಮೇಲೆ ನಿಂತು ಮಣ್ಣನ್ನು ಬಹಳ ಹೊತ್ತು ಮೂಸಿತು.