ಸ್ಪ್ಯಾನಿಷ್ ಕಲಿಯೋಕೆ ಯಾವ ಊರು? ನಾನು ಆರಿಸಿದ ಬಗೆ

ದಾವಣಗೆರೆಯಲ್ಲಿ ಕೂತು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಕಲಿತು ಯಾರ ಜತೆ ಮಾತಾಡ್ತೀಯ?" ಸರಿಯಾದ ಪ್ರಶ್ನೆಯೇ. ನಾನು ಮನೆಯಿಂದಲೇ ಅಮೆರಿಕದ ಇನ್ಶೂರೆನ್ಸ್ ಫೈಲುಗಳ ಕೆಲಸ ಮಾಡುತ್ತೇನೆ. ಸ್ಪ್ಯಾನಿಷ್ ಬಂದರೆ ಸಂಬಳ ಜಾಸ್ತಿ. ಎಂಟು ತಿಂಗಳು ಫೋನಿನ ಆ್ಯಪ್‌ನಲ್ಲಿ ಕಲಿತೆ. "ಹುಡುಗ ಸೇಬು ತಿನ್ನುತ್ತಾನೆ" ಅನ್ನೋದು ಚೆನ್ನಾಗಿ ಬಂತು. ಮಾತು ಬರಲಿಲ್ಲ. ಇದ್ದಬದ್ದ ರಜೆ ಕೂಡಿಸಿ ಆರು ವಾರ ಹೊರಗೆ ಹೋಗಿ ಕಲಿಯೋಣ ಎಂದುಕೊಂಡೆ. ಎಲ್ಲಿಗೆ ಅನ್ನೋದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಮೊದಲು ತಲೆಗೆ ಬಂದಿದ್ದು ಸ್ಪೇನ್. ಎಲ್ಲರಿಗೂ ಅದೇ ಅಲ್ವಾ? ಸಲಾಮಾಂಕಾ ಅಂತ ಒಂದು ಊರಿದೆ. ಅಲ್ಲಿನ ವಿಶ್ವವಿದ್ಯಾಲಯ ಶುರುವಾಗಿದ್ದು 1218ರಲ್ಲಿ. ಫೋಟೋ ನೋಡಿಯೇ ಮರುಳಾದೆ. ಬೆಂಗಳೂರಿನ ಒಬ್ಬ ಏಜೆಂಟ್‌ಗೆ ಅಡ್ವಾನ್ಸ್ ಕೊಟ್ಟೆ. ವೀಸಾ ಸಂದರ್ಶನದ ದಿನ ಸಿಗುವಷ್ಟರಲ್ಲಿ ಕೋರ್ಸ್ ಶುರುವಾಗಿ ಹೋಗಿತ್ತು, ಅಡ್ವಾನ್ಸ್ ವಾಪಸ್ ಬರಲಿಲ್ಲ. ಆಗ ಬೇಜಾರಾಗಿತ್ತು. ಈಗ ಅನ್ನಿಸುತ್ತದೆ, ತಪ್ಪು ಊರಿಗೆ ಹೋಗೋದು ತಪ್ಪಿತು ಅಂತ. ಯಾಕಂದ್ರೆ ಕೆಲಸದಲ್ಲಿ ನಾನು ಮಾತಾಡಬೇಕಾದ ಸ್ಪ್ಯಾನಿಷ್ ಗ್ರಾಹಕರು ಯಾರೂ ಸ್ಪೇನಿನವರಲ್ಲ. ಹೆಚ್ಚಿನವರು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಅಮೆರಿಕಕ್ಕೆ ಹೋದವರು.

ಇದು ಸಣ್ಣ ವಿಷಯ ಅಲ್ಲ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಬೇರೆ ಬೇರೆ ಕೇಳಿಸೋ ಹಾಗೆ ಸ್ಪ್ಯಾನಿಷ್ ಕೂಡ. ಥ್ಯಾಂಕ್ಸ್ ಅನ್ನೋಕೆ ಅಮೆರಿಕ ಖಂಡದಲ್ಲೆಲ್ಲ "ಗ್ರಾಸಿಯಾಸ್". ಸ್ಪೇನಿನ ಬಹುಪಾಲು ಕಡೆ ನಾಲಿಗೆ ಹಲ್ಲಿನ ಮಧ್ಯೆ ಬಂದು ಅದು "ಗ್ರಾಥಿಯಾಸ್" ಆಗುತ್ತದೆ. ರಸ್ತೆಗೆ ಮೆಕ್ಸಿಕೋದಲ್ಲಿ "ಕಾಯೆ", ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ "ಕಾಶೆ". ಕ್ಯೂಬಾ, ಚಿಲಿಯವರು ಪದದ ಕೊನೆಯ ಸಕಾರವನ್ನು ನುಂಗಿಬಿಡುತ್ತಾರೆ. ಒಂದು ವಾರ ರಾತ್ರಿ ಊಟ ಆದ ಮೇಲೆ ಬೇರೆ ಬೇರೆ ದೇಶದ ರೇಡಿಯೋ ಕೇಳಿದೆ. ಅರ್ಥ ಆಗದಿದ್ದರೂ ಪದಗಳು ಬಿಡಿಬಿಡಿಯಾಗಿ ಕಿವಿಗೆ ಬಿದ್ದದ್ದು ಕೊಲಂಬಿಯಾದ ಬೊಗೋಟಾ, ಮೆಕ್ಸಿಕೋ, ಗ್ವಾಟೆಮಾಲಾದವರ ಮಾತು. ಪಟ್ಟಿ ಮೂರಕ್ಕೆ ಇಳಿಯಿತು.

ಇನ್ನು ವೀಸಾ. ಹಿಂದೆ ಕೆಲಸದ ಮೇಲೆ ಹೋಗಿದ್ದರಿಂದ ನನ್ನ ಬಳಿ ಅಮೆರಿಕದ ವೀಸಾ ಇತ್ತು. ಅದಿದ್ದರೆ ನಮ್ಮವರು ಮೆಕ್ಸಿಕೋಗೆ ಬೇರೆ ವೀಸಾ ಇಲ್ಲದೆ ಹೋಗಬಹುದು. ಮೂರು ದೇಶದ ನಿಯಮವನ್ನೂ ದೆಹಲಿಯ ರಾಯಭಾರ ಕಚೇರಿಗಳಿಗೆ ಮೇಲ್ ಮಾಡಿ ಕೇಳಿದೆ. ಉತ್ತರದ ಪ್ರಿಂಟ್ ಪಾಸ್‌ಪೋರ್ಟ್ ಜತೆ ಇಟ್ಟುಕೊಂಡೆ. ಏಜೆಂಟ್ ಮಾತು ನಂಬಿ ಒಮ್ಮೆ ಸುಟ್ಟುಕೊಂಡಿದ್ದೆನಲ್ಲ.

ಕೊನೆಗೆ ತೀರ್ಮಾನ ಆಗಿದ್ದು ಬೆಣ್ಣೆ ದೋಸೆ ಹೋಟೆಲಿನಲ್ಲಿ. ಪಕ್ಕದ ಟೇಬಲ್ಲಿನಲ್ಲಿ ಬಿಹಾರದ ಇಬ್ಬರು ಎಂಜಿನಿಯರಿಂಗ್ ಹುಡುಗರು "ಅಣ್ಣಾ, ಇನ್ನೊಂದು ಖಾಲಿ ದೋಸೆ, ಪಲ್ಯ ಜಾಸ್ತಿ" ಎಂದು ಸಲೀಸಾಗಿ ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ ಕನ್ನಡ ಬಾರದವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಪಾಪ, ಅವರು ಬಾಯಿ ತೆರೆಯುವ ಮೊದಲೇ ಎದುರಿನವರು ಇಂಗ್ಲಿಷಿಗೋ ಹಿಂದಿಗೋ ಹೊರಳುತ್ತಾರೆ. ದಾವಣಗೆರೆಯಲ್ಲಿ ಹೊರಳಲ್ಲ. ಅಂದರೆ ನಾನು ಹುಡುಕಬೇಕಿದ್ದದ್ದು ಸ್ಪ್ಯಾನಿಷ್ ಆಡುವ ದಾವಣಗೆರೆಯನ್ನು!

ಮೆಕ್ಸಿಕೋದ ವಾಹಾಕಾ ಕೊನೆಯ ಸುತ್ತಿನವರೆಗೂ ಇತ್ತು. ನಾನು ವಿಚಾರಿಸಿದ ಶಾಲೆಗಳಲ್ಲಿ ಎಂಟತ್ತು ಜನರ ಕ್ಲಾಸು. ಗ್ವಾಟೆಮಾಲಾದಲ್ಲಿ ಒಬ್ಬ ಟೀಚರ್‌ಗೆ ಒಬ್ಬರೇ ವಿದ್ಯಾರ್ಥಿ, ದಿನಕ್ಕೆ ಐದು ಗಂಟೆ, ಜತೆಗೆ ಒಂದು ಮನೆಯಲ್ಲಿ ವಾಸ, ಊಟ. ಎಲ್ಲ ಸೇರಿ ವಾರಕ್ಕೆ 250 ಡಾಲರ್ ಒಳಗೇ ಮುಗಿಯಿತು. ಹತ್ತು ಜನರ ಕ್ಲಾಸಿನಲ್ಲಿ ನನ್ನ ಪಾಲಿಗೆ ಬರುವ ಮಾತು ಗಂಟೆಗೆ ಆರು ನಿಮಿಷ. ಲೆಕ್ಕ ಹಾಕಿದರೆ ಬೇರೆ ಪ್ರಶ್ನೆಯೇ ಇರಲಿಲ್ಲ.

ಆದರೂ ಒಂದು ತಪ್ಪು ಮಾಡಿದೆ. ಮೊದಲ ವಾರದ ಕ್ಲಾಸು ಗ್ವಾಟೆಮಾಲಾದ ಆಂಟಿಗುವಾದಲ್ಲಿ ಹಿಡಿದೆ. ಚಂದದ ಹಳೆಯ ಪಟ್ಟಣ, 1979ರಿಂದ ವಿಶ್ವ ಪರಂಪರೆಯ ತಾಣ. ದೂರದಲ್ಲಿ ಫ್ಯೂಗೊ ಜ್ವಾಲಾಮುಖಿ ಬೀಡಿ ಸೇದಿದ ಹಾಗೆ ಹೊಗೆ ಬಿಡುತ್ತಿರುತ್ತದೆ. ಆದರೆ ಕಾಫಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಬೀದಿ ತುಂಬ ನನ್ನ ಹಾಗೇ ಕಲಿಯೋಕೆ ಬಂದವರು. ಥೇಟ್ ಎಂ.ಜಿ. ರೋಡ್. ವಾರ ಮುಗಿದದ್ದೇ ಬಸ್ ಹತ್ತಿದೆ. ಅಮೆರಿಕದಲ್ಲಿ ಹಳೆಯದಾದ ಸ್ಕೂಲ್ ಬಸ್ಸಿಗೆ ಅಲ್ಲಿ ಬಣ್ಣ ಬಳಿದು ಓಡಿಸುತ್ತಾರೆ, ಇಬ್ಬರ ಸೀಟಿನಲ್ಲಿ ಮೂವರು.

ಇಳಿದದ್ದು ಕೆತ್ಸಾಲ್ತೆನಾಂಗೊದಲ್ಲಿ. ಹೆಸರಿಗೆ ಹೆದರಬೇಡಿ, ಎಲ್ಲರೂ ಶೇಲಾ ಅಂತಲೇ ಅನ್ನೋದು. 2,300 ಮೀಟರಿಗೂ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ದಾವಣಗೆರೆ ಬಿಸಿಲಿನ ನನಗೆ ರಾತ್ರಿ ಎರಡು ಸ್ವೆಟರ್ ಬೇಕಾಯಿತು. ಆದರೆ ಅಲ್ಲಿ ಇಂಗ್ಲಿಷ್ ಕಮ್ಮಿ. ಸುತ್ತಮುತ್ತಲಿನ ಎಷ್ಟೋ ಜನರ ಮನೆಮಾತು ಕಿಚೆ ಅಥವಾ ಮಾಮ್, ಎರಡೂ ಮಾಯಾ ಭಾಷೆಗಳು. ಅವರೂ ಸ್ಪ್ಯಾನಿಷನ್ನು ಎರಡನೆಯ ಭಾಷೆಯಾಗಿ ಕಲಿತವರು. ಅದಕ್ಕೋ ಏನೋ, ನನ್ನ ತಡವರಿಕೆಗೆ ಯಾರೂ ನಗಲಿಲ್ಲ.

ಊಟದ ಬಗ್ಗೆ ಒಂದು ಮಾತು, ನಮ್ಮವರಿಗೆ ಬೇಕಾಗುತ್ತದೆ. "ನೋ ಕೋಮೊ ಕಾರ್ನೆ", ಮಾಂಸ ತಿನ್ನಲ್ಲ ಎಂದರೆ ಸಾಲದು. ಕಾರ್ನೆ ಅಂದರೆ ಅವರಿಗೆ ದನದ್ದೋ ಹಂದಿಯದ್ದೋ ಅಷ್ಟೇ. ಮೊದಲ ದಿನವೇ ಪ್ರೀತಿಯಿಂದ ಕೋಳಿ ಬಡಿಸಿದರು. ಕೋಳಿ, ಮೀನು, ಹಂದಿ ಕೊಬ್ಬು ಎಲ್ಲದರ ಹೆಸರು ಹಿಡಿದೇ ಬೇಡ ಅನ್ನಬೇಕು, ಕಾಳಿನ ಪಲ್ಯದಲ್ಲೂ ಕೊಬ್ಬು ಇರುತ್ತದೆ. ಭಾನುವಾರ ಮನೆಯಲ್ಲಿ ಊಟ ಇರಲಿಲ್ಲ. ಗಂಟಿನಲ್ಲಿದ್ದ ಅವಲಕ್ಕಿ ಅವತ್ತು ಕಾಪಾಡಿತು.

ಕನ್ನಡದವರಿಗೆ ಈ ಭಾಷೆ ಇಂಗ್ಲಿಷಿನವರಿಗಿಂತ ಹತ್ತಿರ ಎಂದು ಗೊತ್ತಾದದ್ದೂ ಅಲ್ಲೇ. "ಮೆ ಗುಸ್ತಾ ಎಲ್ ಕಾಫೆ" ಅಂದರೆ ನನಗೆ ಕಾಫಿ ಇಷ್ಟ. ಇಂಗ್ಲಿಷ್ ಮೂಲಕ ಕಲಿಯುವಾಗ ಇದು ತಲೆ ತಿಂದಿತ್ತು. ಕನ್ನಡದಲ್ಲಿ ಯೋಚಿಸಿದ ದಿನ ಸುಮ್ನೆ ಬಂತು. "ನಾನು" ಬಿಟ್ಟು "ಹೋಗುತ್ತೇನೆ" ಅಂದರೆ ಸಾಕು, ಅವರದೂ ಹಾಗೇ. ನೀನು, ನೀವು ಎರಡೂ ಇವೆ. ತ, ದ ನಮ್ಮವೇ. ಮೇಜು ಹೆಣ್ಣು, ಭೂಪಟ ಗಂಡು ಅನ್ನೋದು ಮಾತ್ರ ಇವತ್ತಿಗೂ ಕೈಕೊಡುತ್ತದೆ.

ನಾನಿದ್ದ ಮನೆಯಾಕೆ ರಾತ್ರಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿಟ್ಟು, ಬೆಳಿಗ್ಗೆ ಗಿರಣಿಯಲ್ಲಿ ಬೀಸಿಸಿ, ಅಂಗೈಯಲ್ಲೇ ತಟ್ಟಿ ರೊಟ್ಟಿ ಮಾಡುತ್ತಿದ್ದರು. ಆ ಸದ್ದಿಗೇ ನನಗೆ ಎಚ್ಚರ ಆಗುತ್ತಿತ್ತು. ನಾಲ್ಕನೇ ವಾರ ಒಂದು ದಿನ ಹೇಳಿದೆ: ಮಾಯಕೊಂಡದ ಕಡೆ ನಮ್ಮ ಹೊಲದಲ್ಲೂ ಇದೇ ಬೆಳೆ, ನಾವು ತಿನ್ನಲ್ಲ, ಮಾರುತ್ತೇವೆ, ಕೋಳಿ ತಿನ್ನುತ್ತದೆ. ಆಕೆ ತಟ್ಟೋದು ನಿಲ್ಲಿಸಿದರು. "ಎಲ್ಲಾನೂ ಕೋಳಿಗಾ?" ಅಲ್ಲಿಂದ ಮಳೆ, ಮಂಡಿ, ರೇಟು, ಫೀಡ್ ಕಾರ್ಖಾನೆ ಎಲ್ಲ ವಿವರಿಸಿದೆ. ಫೋನಿನ ಡಿಕ್ಷನರಿ ಒಳಗೇ ಉಳಿದಿತ್ತು. ಕೊನೆಗೆ ಕೇಳಿದರು, "ಹಾಗಾದರೆ ನೀವು ತಿನ್ನೋದೇನು?" ಬೆಣ್ಣೆ ದೋಸೆಯನ್ನು ಸ್ಪ್ಯಾನಿಷ್‌ನಲ್ಲಿ ಹೇಳೋಕೆ ಹೊರಟೆ. ಅವತ್ತು ಕ್ಲಾಸಿಗೆ ಅರ್ಧ ಗಂಟೆ ತಡ.