ಮೊದಲ್ನೇ ಸಲ ಮೆಡಿಕಲ್ ಸೀಟ್ ಸಿಗ್ಲಿಲ್ವಾ? ಎರಡನೇ ಸಲಕ್ಕೆ ಹೀಗೆ ರೆಡಿಯಾಗಿ

ನಮ್ಮಕ್ಕನ ಮಗಳಿಗೆ ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಬರೆದೂ ಎಂಬಿಬಿಎಸ್ ಸೀಟ್ ಸಿಗ್ಲಿಲ್ಲ ಅಂದಾಗ ಮನೇಲಿ ಎಲ್ರದ್ದೂ ಒಂದೇ ಮಾತು, ಇನ್ನೊಂದ್ ವರ್ಷ ಕೂತು ಚೆನ್ನಾಗ್ ಓದ್ಲಿ ಬಿಡು ಅಂತ. ಆಮೇಲೆ ಅವಳ ಜೊತೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯ್ತು, ಗೊತ್ತಿಲ್ದೇ ಬಿಟ್ಟ ಪ್ರಶ್ನೆಗಿಂತ ಅಂದಾಜಿನ ಮೇಲೆ ಗುರುತು ಹಾಕಿ ಕಳ್ಕೊಂಡಿದ್ದೇ ಜಾಸ್ತಿ, ಅದ್ರ ಮೇಲೆ ಒಂದು ಸರ್ಟಿಫಿಕೇಟ್ ಬೇರೆ ಕೈ ಕೊಟ್ಟಿತ್ತು. ಅದಕ್ಕೇ ಹೇಳೋದು, ಲಾಂಗ್ ಟರ್ಮ್ ಕೋಚಿಂಗ್‌ಗೆ ದುಡ್ಡು ಕಟ್ಟೋ ಮುಂಚೆ ಒಂದು ವಾರ ಈ ಕೆಲಸ ಮಾಡಿ.

ಮೊದಲು ಮಾರ್ಕ್ಸ್ ಮರೆತು ರ‍್ಯಾಂಕ್ ನೋಡಿ. ನೀಟ್‌ನಲ್ಲಿ ಒಂದು ವರ್ಷದ ಮಾರ್ಕ್ಸ್ ಇನ್ನೊಂದು ವರ್ಷಕ್ಕೆ ತಾಳೆ ಆಗಲ್ಲ. 2024ರಲ್ಲಿ 720ಕ್ಕೆ 720 ತೆಗೆದವರೇ ಒಂದು ಡಜನ್‌ಗಿಂತ ಜಾಸ್ತಿ, 2025ರಲ್ಲಿ ಪೇಪರ್ ಕಷ್ಟ ಆಗಿ ಫಸ್ಟ್ ರ‍್ಯಾಂಕ್‌ಗೆ ಬಂದಿದ್ದೇ 686. ಸೀಟ್ ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟ್‌ನಲ್ಲಿ ಕೊನೇ ರೌಂಡಿನ ಕಟ್ ಆಫ್ ಸಿಗತ್ತೆ, ನಿಮ್ಮ ಕೆಟಗರಿ ಕಾಲಂನಲ್ಲಿ ಯಾವ ಕಾಲೇಜಿಗೆ ಎಷ್ಟು ರ‍್ಯಾಂಕ್‌ವರೆಗೂ ಸೀಟ್ ಹೋಯ್ತು ಅಂತ ನೋಡಿ, ನಿಮ್ಮ ರ‍್ಯಾಂಕ್ ಎಷ್ಟು ಹಿಂದಿತ್ತು ಅಂತ ಬರ್ಕೊಳಿ. ಸ್ವಲ್ಪದ್ರಲ್ಲಿ ತಪ್ಪಿದವರೂ ಲಕ್ಷಾಂತರ ಹಿಂದಿದ್ದವರೂ ಒಂದೇ ಥರ ಓದಿದ್ರೆ ಪ್ರಯೋಜನ ಇಲ್ಲ.

ಆಮೇಲೆ ಒಎಂಆರ್, ಅಂದ್ರೆ ಉತ್ತರದ ಗುಂಡು ತುಂಬಿಸೋ ಶೀಟು. ರಿಸಲ್ಟ್‌ಗೆ ಮುಂಚೆ ಎನ್‌ಟಿಎ (ನೀಟ್ ನಡೆಸೋ ಸಂಸ್ಥೆ) ನಿಮ್ಮ ಒಎಂಆರ್ ಶೀಟಿನ ಸ್ಕ್ಯಾನ್ ಕಾಪಿ ಮತ್ತೆ ಕೀ ಆನ್ಸರ್ ಬಿಡತ್ತಲ್ಲ, ಅದನ್ನ ಸೇವ್ ಮಾಡಿಟ್ಟಿದ್ರೆ ನೀವೇ ಪುಣ್ಯವಂತರು. ತಪ್ಪಾದ ಪ್ರಶ್ನೆನೆಲ್ಲಾ ಮೂರು ಗುಂಪು ಮಾಡಿ: ಗೊತ್ತೇ ಇರ್ಲಿಲ್ಲ, ಗೊತ್ತಿದ್ದೂ ತಪ್ಪಾಯ್ತು, ಸುಮ್ನೆ ಅಂದಾಜಿಗೆ ಹಾಕಿದ್ದು. ಈಗ ಲೆಕ್ಕ ನೋಡಿ, ಸರಿ ಉತ್ತರಕ್ಕೆ 4 ಮಾರ್ಕ್ಸ್, ತಪ್ಪಾದ್ರೆ 1 ಮೈನಸ್. 150 ಪ್ರಶ್ನೆ ಬರೆದು 30 ತಪ್ಪಾದ್ರೆ 120 ಇಂಟು 4, ಅದ್ರಲ್ಲಿ 30 ಕಳೆದ್ರೆ 450. ಆ 30ರಲ್ಲಿ 15ನ್ನ ಮುಟ್ಟದೇ ಬಿಟ್ಟಿದ್ರೂ 465 ಬರ್ತಿತ್ತು, ಒಂದು ಅಕ್ಷರ ಜಾಸ್ತಿ ಓದದೇನೇ. ಆ 15ನ್ನ ಸರಿ ಮಾಡ್ಕೊಂಡಿದ್ರೆ 525. ನಮ್ಮ ಹುಡುಗಿ ಫಿಸಿಕ್ಸ್‌ನಲ್ಲಿ ಅಂದಾಜಿಗೆ ಹಾಕಿದ್ದು ನೋಡಿ ಅವಳೇ ನಕ್ಕುಬಿಟ್ಲು. ಓದೋ ವಿಷಯಕ್ಕೆ ಬಂದ್ರೆ, 180ರಲ್ಲಿ 90 ಪ್ರಶ್ನೆ ಬಯಾಲಜಿದೇ, ಅಂದ್ರೆ 360 ಮಾರ್ಕ್ಸ್, ಇಬ್ಬರ ಮಾರ್ಕ್ಸ್ ಸಮ ಆದ್ರೂ ಯಾರು ಮುಂದೆ ಅಂತ ಮೊದಲು ನೋಡೋದು ಬಯಾಲಜಿನೇ, ಅದಕ್ಕೆ ಎನ್‌ಸಿಇಆರ್‌ಟಿ ಬುಕ್ಕನ್ನ ಚಿತ್ರದ ಕೆಳಗಿನ ಸಾಲು ಸಮೇತ ಓದಿ, ಹೊಸ ಗೈಡ್ ತಗೊಂಡು ಕಪಾಟು ತುಂಬಿಸಬೇಡಿ.

ಮಾಕ್ ಟೆಸ್ಟ್ ಬರೆಯೋರು ಬೆಳಗ್ಗೆ ಬರೀತಾರೆ, ಯಾಕೋ ಗೊತ್ತಿಲ್ಲ. ನಿಜವಾದ ಎಕ್ಸಾಮ್ ಮಧ್ಯಾಹ್ನ 2ರಿಂದ 5, ಊಟ ಮಾಡಿ ಕಣ್ಣು ಎಳೆಯೋ ಹೊತ್ತು, 2025ರಲ್ಲಂತೂ 180 ಪ್ರಶ್ನೆಗೆ 180 ನಿಮಿಷ ಅಷ್ಟೇ. ವಾರಕ್ಕೊಂದ್ಸಲ ಅದೇ ಟೈಮಿಗೆ, ಪೆನ್ನಲ್ಲಿ ಒಎಂಆರ್ ತುಂಬಿಸ್ತಾ ಬರೀರಿ. ಕನ್ನಡ ಮೀಡಿಯಂನವರು ಕನ್ನಡ ಪೇಪರ್ ತಗೋಬಹುದು, ಆದ್ರೆ ಅನುವಾದದಲ್ಲಿ ಗೊಂದಲ ಆದ್ರೆ ಇಂಗ್ಲಿಷ್ ಪ್ರಶ್ನೆನೇ ಫೈನಲ್, ಹಾಗಾಗಿ ಟರ್ಮ್‌ಗಳನ್ನ ಎರಡರಲ್ಲೂ ಕಲೀರಿ.

ಇನ್ನು ಸರ್ಟಿಫಿಕೇಟ್ ಕಥೆ. ನಮ್ಮ ಹುಡುಗಿ ಒಂದರಿಂದ ಹತ್ತರವರೆಗೂ ಹಳ್ಳಿ ಸ್ಕೂಲಲ್ಲೇ ಓದಿದ್ದು, ಗ್ರಾಮೀಣ ಮೀಸಲಾತಿ 15 ಪರ್ಸೆಂಟ್ ಇದೆ, ಆದ್ರೆ ಸ್ಕೂಲಿನವರು ಕೊಟ್ಟ ಪತ್ರದಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರ್ಲಿಲ್ಲ, ಗೊತ್ತಾಗೋ ಹೊತ್ತಿಗೆ ವೆರಿಫಿಕೇಶನ್ ಮುಗಿದಿತ್ತು. ಕನ್ನಡ ಮೀಡಿಯಂ ಕೋಟಾ 5 ಪರ್ಸೆಂಟ್, ಅದಕ್ಕೂ ಹತ್ತು ವರ್ಷದ ಲೆಕ್ಕವೇ. ಕಲಬುರಗಿ, ರಾಯಚೂರು, ಬೀದರ್ ಕಡೆಯವರಿಗೆ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್ ಬೇಕು. ಜಾತಿ ಆದಾಯ ಪತ್ರ ನಾಡಕಚೇರೀಲಿ ಈಗ್ಲೇ ಮಾಡಿಸಿ ಅದರ ಮೇಲಿರೋ ಆರ್‌ಡಿ ನಂಬರ್ ಬರ್ಕೊಳಿ, ಹೆಸರಿನ ಸ್ಪೆಲ್ಲಿಂಗ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿರೋ ಥರಾನೇ ಇರ್ಲಿ. ಜೂನ್‌ನಲ್ಲಿ ಅಲ್ಲಿ ಎಷ್ಟುದ್ದ ಕ್ಯೂ ಇರತ್ತೆ ಅಂತ ಹೋದವರಿಗೇ ಗೊತ್ತು.

ಆಪ್ಷನ್ ಎಂಟ್ರೀಲಿ, ಅಂದ್ರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡೋವಾಗ, ಸುಮಾರು ಜನ ಮಾಡೋ ತಪ್ಪು ಒಂದಿದೆ, ನನಗೆ ಇದು ಸಿಗಲ್ಲ ಬಿಡು ಅಂತ ಆಸೆಯ ಕಾಲೇಜನ್ನೇ ಬಿಟ್ಬಿಡ್ತಾರೆ. ಕಂಪ್ಯೂಟರ್ ನಿಮ್ಮ ಪಟ್ಟೀನ ಮೇಲಿಂದ ನೋಡ್ತಾ ಬರತ್ತೆ, ನಿಮ್ಮ ರ‍್ಯಾಂಕಿಗೆ ಮೊದಲು ಸಿಗೋದನ್ನ ಕೊಡತ್ತೆ, ಹಾಗಾಗಿ ಮೇಲೆ ದೊಡ್ಡ ಕಾಲೇಜು ಹಾಕಿದ್ರೆ ಕೆಳಗಿಂದು ತಪ್ಪಿ ಹೋಗಲ್ಲ. ಆದ್ರೆ ಒಂದೇ ಕಾಲೇಜು ಗೌರ್ಮೆಂಟ್ ಸೀಟು, ಪ್ರೈವೇಟ್ ಸೀಟು ಅಂತ ಬೇರೆ ಬೇರೆ ಫೀಸಲ್ಲಿ ಬರತ್ತೆ, ಫೀಸ್ ನೋಡದೇ ಒತ್ತಬೇಡಿ. ಮಾಕ್ ಅಲಾಟ್‌ಮೆಂಟ್ (ನಿಜವಾದ ಹಂಚಿಕೆಗೆ ಮುಂಚಿನ ಟ್ರಯಲ್) ಬಂದ್ಮೇಲೆ ಪಟ್ಟಿ ತಿದ್ದೋಕೆ ಟೈಮ್ ಕೊಡ್ತಾರೆ, ಅವತ್ತು ಅಪ್ಪ ಅಮ್ಮನ್ನೂ ಪಕ್ಕದಲ್ಲಿ ಕೂರಿಸ್ಕೊಳಿ, ಫೀಸ್ ಕಟ್ಟೋರು ಅವರೇ ತಾನೆ.

ಈ ಮಧ್ಯೆ ಮ್ಯಾನೇಜ್‌ಮೆಂಟ್ ಸೀಟ್ ಕೊಡಿಸ್ತೀನಿ, ಅಡ್ವಾನ್ಸ್ ಹಾಕಿ ಅಂತ ಫೋನ್ ಬಂದೇ ಬರತ್ತೆ. ಎನ್‌ಆರ್‌ಐ ಸೀಟೂ ಸೇರಿ ಎಲ್ಲಾ ಎಂಬಿಬಿಎಸ್ ಸೀಟೂ ಕೌನ್ಸೆಲಿಂಗ್‌ನಲ್ಲೇ ಸಿಗಬೇಕು. ಫೋನ್ ಕಟ್ ಮಾಡಿ ನಂಬರ್ ಬ್ಲಾಕ್ ಮಾಡಿ.