ಕಿಡ್ನಿ ಕಸಿ ಆದ ಮೇಲೆ ಶುಗರ್ ಬಂದರೆ: ಸಂಜೆಯ ರೀಡಿಂಗ್ ಬಿಡಬೇಡಿ

ಕಸಿ ಮಾಡಿದ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಇಳಿದಿದೆ, ಡಯಾಲಿಸಿಸ್ ತಪ್ಪಿದೆ. ಅಷ್ಟರಲ್ಲಿ ಶುಗರ್ 240 ಅಂತ ರಿಪೋರ್ಟ್ ಬರುತ್ತದೆ. ಮನೆಯವರಿಗೆ ಗಾಬರಿ. ‘ಕದ್ದು ಸಿಹಿ ತಿಂದಿರಬೇಕು’ ಅಂತ ಕೆಲವರು ರೋಗಿಯನ್ನೇ ಗದರುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಇದರಲ್ಲಿ ಮಾತ್ರೆಗಳ ಪಾಲು ದೊಡ್ಡದು.

ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೊಲಿಮಸ್, ಇನ್ಸುಲಿನ್ ಉತ್ಪತ್ತಿಯನ್ನು ತಗ್ಗಿಸುತ್ತದೆ. ಜೊತೆಗೆ ಕೊಡುವ ಸ್ಟೀರಾಯ್ಡ್, ಅಂದರೆ ಪ್ರೆಡ್ನಿಸೊಲೋನ್, ಇರುವ ಇನ್ಸುಲಿನ್‌ಗೂ ಸರಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ. ಮೊದಲೇ ಶುಗರ್ ಇದ್ದವರಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಇನ್ಸುಲಿನ್ ಅನ್ನು ಒಡೆದು ಹಾಕುವುದರಲ್ಲಿ ಕಿಡ್ನಿಗೂ ಕೆಲಸವಿದೆ. ಕಿಡ್ನಿ ಕೆಟ್ಟಿದ್ದಾಗ ಇನ್ಸುಲಿನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತಿತ್ತು, ಕಡಿಮೆ ಡೋಸ್ ಸಾಕಾಗುತ್ತಿತ್ತು. ಹೊಸ ಕಿಡ್ನಿ ಬಂದ ಮೇಲೆ ಅಷ್ಟು ಸಾಲುವುದಿಲ್ಲ.

ಮೊದಲು, ಪರೀಕ್ಷೆಯ ಹೊತ್ತು ಸರಿ ಮಾಡಿಕೊಳ್ಳಿ. ನಮ್ಮಲ್ಲಿ ಬಹಳ ಮಂದಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಶುಗರ್ ನೋಡುತ್ತಾರೆ. ಕಸಿ ಆದವರಿಗೆ ಅದು ಸಾಲದು. ಬೆಳಿಗ್ಗೆ ತೆಗೆದುಕೊಂಡ ಸ್ಟೀರಾಯ್ಡ್ ಶುಗರ್ ಅನ್ನು ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಅದರ ಪ್ರಭಾವ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 98 ಇರುವವರಿಗೆ ಸಂಜೆ 250 ಇರಬಹುದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ನೋಡಿ. ದಿನಕ್ಕೆ ಒಂದೇ ಸ್ಟ್ರಿಪ್ ಖರ್ಚು ಮಾಡಲು ಸಾಧ್ಯ ಅನ್ನುವವರು ಅದನ್ನು ಈ ಎರಡರಲ್ಲಿ ಒಂದು ಹೊತ್ತಿಗೇ ಇಟ್ಟುಕೊಳ್ಳುವುದು ಒಳ್ಳೆಯದು. ತಾರೀಕು, ಹೊತ್ತು, ಅಂಕಿ ಮೂರನ್ನೂ ಬರೆದಿಡಿ.

ಮೂರು ತಿಂಗಳ ಸರಾಸರಿಯನ್ನು ತಕ್ಷಣ ನಂಬಬೇಡಿ. ಕಸಿಯಾದ ಹೊಸದರಲ್ಲಿ ರಕ್ತಹೀನತೆ ಇರುತ್ತದೆ, ಕೆಲವರಿಗೆ ರಕ್ತ ಕೊಟ್ಟಿರುತ್ತಾರೆ. ಆಗ ಈ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಿಜಕ್ಕಿಂತ ಕಡಿಮೆ ತೋರಿಸಬಹುದು. ಮೊದಲ ವಾರಗಳಲ್ಲಿ ಏರಿದ ಶುಗರ್ ಎಲ್ಲರಲ್ಲೂ ಉಳಿಯುವುದಿಲ್ಲ. ಸ್ಟೀರಾಯ್ಡ್ ಇಳಿಸಿದಂತೆ ಕೆಲವರಲ್ಲಿ ತಾನೂ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರು ಮಾಡಿದರು ಅಂದರೆ ಜೀವನಪೂರ್ತಿ ಚುಚ್ಚಿಕೊಳ್ಳಬೇಕು ಅಂತೇನೂ ಇಲ್ಲ. ಆದರೆ ಒಂದು ಎಚ್ಚರ: ಸ್ಟೀರಾಯ್ಡ್ ಡೋಸ್ ಕಡಿಮೆಯಾದಾಗ ಇನ್ಸುಲಿನ್ ಹಳೆಯ ಡೋಸ್‌ನಲ್ಲೇ ಉಳಿದರೆ ಶುಗರ್ ತೀರಾ ಇಳಿಯುತ್ತದೆ. ಸ್ಟೀರಾಯ್ಡ್ ಬದಲಾದ ದಿನವೇ ಇನ್ಸುಲಿನ್ ಬಗ್ಗೆಯೂ ಕೇಳಿ. ಬೆವರು, ನಡುಕ ಬಂದು ರೀಡಿಂಗ್ 70ಕ್ಕಿಂತ ಕೆಳಗಿದ್ದರೆ ತಕ್ಷಣ ಗ್ಲುಕೋಸ್ ಅಥವಾ ಸಕ್ಕರೆ ನೀರು ಕುಡಿಯಿರಿ.

ಕಸಿಯ ಮಾತ್ರೆಗೆ ನೀವಾಗಿ ಕೈ ಹಚ್ಚಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಶುಗರ್ ಏರಿಸುತ್ತದೆ ಅಂತ ಟ್ಯಾಕ್ರೊಲಿಮಸ್ ಬಿಟ್ಟರೆ ಕಿಡ್ನಿಯೇ ಕೈತಪ್ಪಬಹುದು. ಡೋಸ್ ಬದಲಿಸಬೇಕೋ ಬೇಡವೋ ಅಂತ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ವೈದ್ಯರು, ನೋಡುವುದು ರಕ್ತದಲ್ಲಿನ ಅದರ ಮಟ್ಟದ ಮೇಲೆ. ಆ ಪರೀಕ್ಷೆಗೆ ಹೋಗುವ ಬೆಳಿಗ್ಗೆ ಮಾತ್ರೆಯನ್ನು ಜೊತೆಗೆ ಒಯ್ಯಿರಿ, ರಕ್ತ ಕೊಟ್ಟ ಮೇಲೆ ನುಂಗಿ. ಮೊದಲೇ ನುಂಗಿದರೆ ಅಂಕಿ ಸುಮ್ನೆ ಜಾಸ್ತಿ ಬರುತ್ತದೆ. ಚಕ್ಕೋತ ತಿನ್ನಬೇಡಿ, ಅದು ಈ ಔಷಧದ ಮಟ್ಟವನ್ನು ಏರಿಸಬಲ್ಲದು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯ ಕಡೆಯವರಿಗೆ ಇದು ಕಷ್ಟವೇ, ಆದರೂ ಬಿಡಲೇಬೇಕು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ನೆಂಟರು ತಂದುಕೊಡುವ ಅಮೃತಬಳ್ಳಿ ಕಷಾಯವೂ ಬೇಡ. ನೀವು ಮಾತ್ರೆ ನುಂಗುತ್ತಿರುವುದೇ ಆ ಶಕ್ತಿಯನ್ನು ಹತೋಟಿಯಲ್ಲಿಡಲು ಅಲ್ವಾ? ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ.

ಊಟ. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ. ಡಯಾಲಿಸಿಸ್ ಕಾಲದ ಪಥ್ಯವೂ ಸಡಿಲವಾಗಿರುತ್ತದೆ. ತೂಕ ಏರುವುದು ಇಲ್ಲೇ. ರಾಗಿ ಮುದ್ದೆ ಎಷ್ಟು ಉಂಡರೂ ಶುಗರ್ ಏರದು ಅನ್ನುವುದು ತಪ್ಪು. ಅದರಲ್ಲೂ ಪಿಷ್ಟವೇ ಇದೆ. ಮುದ್ದೆ ಚಿಕ್ಕದಿರಲಿ, ಸೊಪ್ಪು, ಕಾಳು ಜಾಸ್ತಿ ಇರಲಿ. ಬೆಲ್ಲ, ಜೇನುತುಪ್ಪವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ. ಊಟವಾದ ಮೇಲೆ ಸ್ವಲ್ಪ ಹೊತ್ತು ನಡೆಯಿರಿ.

ವರ್ಷ ಕಳೆದ ಮೇಲೂ ನೋಡಿಸಬೇಕಾದದ್ದು. ಕಸಿ ಆದವರ ಜೀವಕ್ಕೆ ದೊಡ್ಡ ಅಪಾಯಗಳಲ್ಲಿ ಹೃದಯದ ಕಾಯಿಲೆಯೂ ಒಂದು. ಶುಗರ್ ಇದ್ದರೆ ಅದು ಇನ್ನೂ ಹೆಚ್ಚು. ಬಿಪಿ, ಕೊಲೆಸ್ಟ್ರಾಲ್, ಮೂತ್ರದಲ್ಲಿ ಪ್ರೋಟೀನ್ ಆಗಾಗ ನೋಡಿಸಿ. ಕಣ್ಣಿನ ರೆಟಿನಾ ವರ್ಷಕ್ಕೊಮ್ಮೆ ನೋಡಿಸಿ. ಪಾದವನ್ನು ದಿನವೂ ನೀವೇ ನೋಡಿಕೊಳ್ಳಿ, ಸಣ್ಣ ಗಾಯವಿದ್ದರೂ ತೋರಿಸಿ. ಸೋಂಕು ಇವರಲ್ಲಿ ಬೇಗ ಹಬ್ಬುತ್ತದೆ.

ವಾಂತಿ, ಭೇದಿ ಶುರುವಾದರೆ ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಭೇದಿಯಾದಾಗ ಟ್ಯಾಕ್ರೊಲಿಮಸ್ ಮಟ್ಟ ಏರಬಹುದು. ಮೈಯಲ್ಲಿ ನೀರು ಕಡಿಮೆಯಾದಾಗ ಮೆಟ್‌ಫಾರ್ಮಿನ್‌ನಂಥ ಶುಗರ್ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಲೇಬಾರದು ಅಂತ ಮುಂದಿನ ಭೇಟಿಯಲ್ಲೇ ಕೇಳಿ, ಶುಗರ್ ಬರೆಯುವ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಂಡು ಬನ್ನಿ.